ಹದ್ದು ಕಾಯುವ ಆಟ

ಆಟ ಮುಗಿದ ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಕೂತು, ಭಾಗವತರ ಪದ್ಯ ಎಲ್ಲಿ ಏರಿತು, ಯಾವ ವೇಷ ಎಲ್ಲಿ ಸೋತಿತು ಎಂದು ತಾಸುಗಟ್ಟಲೆ ಚರ್ಚಿಸುವವರ ಊರಿನವನು ನಾನು. ನಮ್ಮಲ್ಲಿ ಉಪ್ಪಿನಕಾಯಿಗೂ ವಿಮರ್ಶೆಯುಂಟು: ಮಿಡಿ ಯಾವ ಮರದ್ದು, ಉಪ್ಪು ಎಷ್ಟು ಹಿಡಿದಿದೆ, ಹೋದ ವರ್ಷದ್ದಕ್ಕೆ ಇದು ಸಾಟಿಯೇ ಎಂದೆಲ್ಲ. ಆದರೆ ನಮ್ಮ ತಲೆಮಾರಿನ ಹುಡುಗರು ಬೇಸಿಗೆ ರಜೆಗಳನ್ನು ಇಡಿಯಾಗಿ ಒಪ್ಪಿಸಿಬಿಟ್ಟ ವಿಡಿಯೋ ಗೇಮುಗಳ ಬಗ್ಗೆ ನಾನು ಎರಡೇ ಬಗೆಯ ಮಾತು ಕೇಳಿದ್ದೇನೆ. ಒಂದು, 'ಮಕ್ಕಳು ಹಾಳಾಗುತ್ತಾರೆ' ಎಂಬುದು. ಇನ್ನೊಂದು, 'ಆಹಾ, ಎಂಥ ದಿನಗಳವು' ಎಂಬುದು. ಮೊದಲನೆಯದು ಆಟವನ್ನು ನೋಡದೆಯೇ ಆಡುವ ಮಾತು. ಎರಡನೆಯದು ತನ್ನ ಬಾಲ್ಯವನ್ನಷ್ಟೇ ನೋಡಿಕೊಂಡು ಆಡುವ ಮಾತು. ಆಟವನ್ನು ಎದುರಿಗಿಟ್ಟುಕೊಂಡು, ಇದರಲ್ಲಿ ಯಾವುದು ಸೊಗಸು, ಯಾವುದು ಕೊರತೆ, ಇದು ಆಡುವವನಿಂದ ಏನನ್ನು ಕೇಳುತ್ತದೆ ಎಂದು ವಿಚಾರಿಸಿದವರು ಕಡಿಮೆ. ಅಂಥದೊಂದು ಪ್ರಯತ್ನವನ್ನು ಇಲ್ಲಿ ಮಾಡುತ್ತಿದ್ದೇನೆ.

ನಾನು ಆರಿಸಿಕೊಂಡದ್ದು 'ಬ್ಯಾಟಲ್ ಸಿಟಿ'ಯನ್ನು. ಈ ಹೆಸರು ಹೇಳಿದರೆ ಅನೇಕರಿಗೆ ಗುರುತು ಹತ್ತಲಿಕ್ಕಿಲ್ಲ. 'ಟ್ಯಾಂಕ್ ಗೇಮ್' ಎಂದರೆ ತಟ್ಟನೆ ನೆನಪಾಗುತ್ತದೆ. ಜಪಾನಿನ ನಾಮ್ಕೋ ಕಂಪೆನಿ ಇದನ್ನು ನಿಂಟೆಂಡೋದ ಫ್ಯಾಮಿಕಾಮ್ ಯಂತ್ರಕ್ಕಾಗಿ 1985ರ ಸೆಪ್ಟೆಂಬರಿನಲ್ಲಿ ಹೊರತಂದಿತು. ಅದೇ ತಿಂಗಳು ಅದೇ ಯಂತ್ರಕ್ಕೆ 'ಸೂಪರ್ ಮಾರಿಯೋ ಬ್ರದರ್ಸ್' ಕೂಡ ಬಂತು. ಮಾರಿಯೋ ಲೋಕಪ್ರಸಿದ್ಧನಾದ. ಅವನ ಮೇಲೆ ಪುಸ್ತಕಗಳು ಬಂದವು, ಸಿನೆಮಾ ಬಂದವು. ಟ್ಯಾಂಕಿನ ಆಟ ಆ ಕಾಲದಲ್ಲಿ ಅಮೆರಿಕದ ಅಂಗಡಿಗಳಿಗೆ ಅಧಿಕೃತವಾಗಿ ಹೋಗಲೂ ಇಲ್ಲ. ಒಂದೇ ತಿಂಗಳಲ್ಲಿ ಹುಟ್ಟಿದ ಎರಡು ಕೂಸುಗಳಲ್ಲಿ ಒಂದು ಅರಮನೆ ಸೇರಿತು, ಇನ್ನೊಂದು ಸಂತೆ ಸೇರಿತು. ನಮಗೆ ಸಿಕ್ಕಿದ್ದು ಸಂತೆಯಲ್ಲಿ.

ಆಟ ಗೊತ್ತಿಲ್ಲದವರಿಗಾಗಿ ಅದರ ಕಟ್ಟುಪಾಡನ್ನು ಹೇಳಿಬಿಡುತ್ತೇನೆ. ಕಪ್ಪು ನೆಲ. ಉದ್ದಕ್ಕೆ ಹದಿಮೂರು, ಅಡ್ಡಕ್ಕೆ ಹದಿಮೂರು ಮನೆಗಳ ಚೌಕ. ಅಲ್ಲಲ್ಲಿ ಇಟ್ಟಿಗೆ ಗೋಡೆ, ಉಕ್ಕಿನ ಗೋಡೆ, ನೀರು, ಮರಗಳ ಗುಂಪು, ಕಾಲು ಜಾರುವ ಮಂಜುಗಡ್ಡೆ. ಕೆಳಗಡೆ ನಟ್ಟ ನಡುವೆ ಒಂದು ಹದ್ದಿನ ಗುರುತು. ಅದರ ಸುತ್ತ ಇಟ್ಟಿಗೆಯ ಒಂದೇ ಒಂದು ತೆಳು ಪದರ. ನಮ್ಮ ಟ್ಯಾಂಕು ಹದ್ದಿನ ಪಕ್ಕದಲ್ಲಿ ಹುಟ್ಟುತ್ತದೆ. ಶತ್ರುವಿನ ಟ್ಯಾಂಕುಗಳು ಮೇಲಿನ ಅಂಚಿನ ಮೂರು ಜಾಗಗಳಿಂದ ಬರುತ್ತವೆ, ಒಂದೊಂದು ಹಂತಕ್ಕೆ ಇಪ್ಪತ್ತು. ನಮಗೆ ಮೂರು ಜೀವ. ಇಪ್ಪತ್ತನ್ನೂ ಹೊಡೆದರೆ ಮುಂದಿನ ಹಂತ. ಆದರೆ ಹದ್ದಿಗೆ ಒಂದು ಗುಂಡು ತಾಗಿದರೆ, ನಮ್ಮ ಬಳಿ ಎಷ್ಟು ಜೀವ ಉಳಿದಿದ್ದರೂ, ಆಟ ಅಲ್ಲಿಗೆ ಮುಗಿಯಿತು. ಇಷ್ಟೆಲ್ಲವೂ 24 ಕಿಲೋಬೈಟಿನೊಳಗೆ ಅಡಗಿದೆ. ಈ ಪ್ರಬಂಧವನ್ನು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳಲ್ಲಿ ಉಳಿಸಿಟ್ಟರೆ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಯಾರು ಹೆಚ್ಚು ಅಡಕವಾಗಿ ಹೇಳಬಲ್ಲರು ಎಂಬ ಪಂದ್ಯದಲ್ಲಿ ನಾನು ಮೊದಲೇ ಸೋತಿದ್ದೇನೆ ಎಂದಾಯಿತು.

ಈ ಆಟಕ್ಕೆ ಒಬ್ಬ ಅಪ್ಪನಿದ್ದಾನೆ. 1980ರಲ್ಲಿ ನಾಮ್ಕೋ 'ಟ್ಯಾಂಕ್ ಬೆಟಾಲಿಯನ್' ಎಂಬ ಆಟವನ್ನು ಮಾಡಿತ್ತು. ಅದು ಅಂಗಡಿಗಳಲ್ಲಿ ನಿಲ್ಲಿಸಿಡುವ, ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಯ ಆಟ. ಹದ್ದು ಕಾಯುವ ನಿಯಮ, ಇಪ್ಪತ್ತು ಟ್ಯಾಂಕುಗಳ ಲೆಕ್ಕ ಎಲ್ಲ ಬಂದದ್ದು ಅಲ್ಲಿಂದಲೇ. ನಾಣ್ಯದ ಆಟಗಳ ಸ್ವಭಾವವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅಂಗಡಿಯವನ ಕಣ್ಣಿನಿಂದ ನೋಡಬೇಕು. ಒಬ್ಬನೇ ಗಿರಾಕಿ ಒಂದೇ ನಾಣ್ಯದಲ್ಲಿ ಮಧ್ಯಾಹ್ನವೆಲ್ಲ ನಿಂತುಬಿಟ್ಟರೆ ವ್ಯಾಪಾರ ನಡೆಯುವುದಿಲ್ಲ. ಎರಡೇ ನಿಮಿಷದಲ್ಲಿ ಸೋತುಹೋದರೆ ಅವನು ಮತ್ತೆ ಬರುವುದಿಲ್ಲ. ಈ ಎರಡರ ನಡುವೆ ಹದ ಹುಡುಕಿಕೊಂಡ ಆಟಗಳು ಅವು. ಮೂರು ಜೀವ, ಏರುತ್ತ ಹೋಗುವ ಕಷ್ಟ, ಮೇಲ್ಗಡೆ ಹೊಳೆಯುವ ಅತಿ ಹೆಚ್ಚಿನ ಅಂಕ, ಎಲ್ಲಿಯೂ ಮುಗಿಯದ ಕಥೆ, ಇವೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹುಟ್ಟಿದ ಛಂದಸ್ಸು ಎನ್ನಬಹುದು.

ಫ್ಯಾಮಿಕಾಮ್ 1983ರಲ್ಲಿ ಜಪಾನಿನ ಮನೆಗಳಿಗೆ ಬಂದಾಗ ನಾಣ್ಯ ಹಾಕುವ ಕಿಂಡಿ ಮಾಯವಾಯಿತು, ಛಂದಸ್ಸು ಮಾತ್ರ ಉಳಿಯಿತು. ಆ ಕಾಲದ ಎಷ್ಟೋ ಆಟಗಳು ಮನೆಗೆ ಬಂದ ಮೇಲೂ ಸಂತೆಯಲ್ಲೇ ಇದ್ದಂತೆ ವರ್ತಿಸುತ್ತವೆ. ಕಾಸಿಲ್ಲದಿದ್ದರೂ ಕಾಸಿನ ಅವಸರ. 'ಬ್ಯಾಟಲ್ ಸಿಟಿ' ಅಷ್ಟಕ್ಕೇ ನಿಲ್ಲಲಿಲ್ಲ. ಅಪ್ಪನ ಊರಲ್ಲಿ ಇಟ್ಟಿಗೆ ಗೋಡೆಗಳು ಮಾತ್ರ ಇದ್ದವು. ಮಗ ಉಕ್ಕು, ನೀರು, ಮರ, ಮಂಜುಗಡ್ಡೆ ಸೇರಿಸಿ 35 ನಕ್ಷೆ ಹೂಡಿದ. ಯಾವ ಹಂತದಿಂದ ಬೇಕಾದರೂ ಆರಂಭಿಸಲು ಬಿಟ್ಟುಕೊಟ್ಟ. ನಮ್ಮದೇ ನಕ್ಷೆ ಕಟ್ಟಿಕೊಳ್ಳುವುದಕ್ಕೆ ಒಂದು ವ್ಯವಸ್ಥೆ ಮಾಡಿದ. ಎಲ್ಲಕ್ಕಿಂತ ಮುಖ್ಯವಾಗಿ, ಇಬ್ಬರು ಒಟ್ಟಿಗೆ ಒಂದೇ ಹದ್ದನ್ನು ಕಾಯುವಂತೆ ಮಾಡಿದ. ಮನೆಯೆಂದರೆ ಏನೆಂದು ಯೋಚಿಸಿದವರು ಮಾಡಿದ ಬದಲಾವಣೆಗಳಿವು. ಮನೆಯಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಇರುತ್ತಾರೆ.

ನಮ್ಮ ಕಡೆಗೆ ಇದು ಬಂದದ್ದು ತೊಂಬತ್ತರ ದಶಕದಲ್ಲಿ, ಫ್ಯಾಮಿಕಾಮಿನ ನಕಲು ಯಂತ್ರಗಳ ಬೆನ್ನೇರಿ. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಜಾತ್ರೆಯ ಸಾಲುಗಳಲ್ಲಿ ಅವು ಸಿಗುತ್ತಿದ್ದವು. 'ಕ್ಯಾಸೆಟ್' ಎಂದು ನಾವು ಕರೆಯುತ್ತಿದ್ದ ಹಳದಿ ಡಬ್ಬಿಯ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗೆ ಹೊಕ್ಕು ನೋಡಿದರೆ ಬೆರಳೆಣಿಕೆಯ ಆಟಗಳೇ ಬೇರೆಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಆ ಪಟ್ಟಿಯಲ್ಲಿ ಟ್ಯಾಂಕು ಇಲ್ಲದ ಡಬ್ಬಿಯನ್ನು ನಾನು ನೋಡಿದ್ದೇ ಅಪರೂಪ. ಟೀವಿಯ ಹಿಂದೆ ವೈರು ಸಿಕ್ಕಿಸಿ, ಚಾನೆಲ್ಲು ತಿರುಗಿಸಿ, ಚಿತ್ರ ನಿಲ್ಲುವ ಹೊತ್ತಿಗೆ ಅರ್ಧ ಉತ್ಸಾಹ ಇಳಿದಿರುತ್ತಿತ್ತು. ಉಳಿದರ್ಧವನ್ನು ಲೋಡ್ ಶೆಡ್ಡಿಂಗು ನೋಡಿಕೊಳ್ಳುತ್ತಿತ್ತು. ಹದಿನೆಂಟನೆಯ ಹಂತದಲ್ಲಿ ಕರೆಂಟು ಹೋದರೆ ಹದಿನೆಂಟು ಹಂತವೂ ಹೋದಂತೆ. ಯಂತ್ರಕ್ಕೆ ನೆನಪೆಂಬುದು ಇರಲಿಲ್ಲ.

ಈಗ ಆಟದ ಆಶಯಕ್ಕೆ ಬರುತ್ತೇನೆ. ಆ ಕಾಲದ ಹೆಚ್ಚಿನ ಆಟಗಳಲ್ಲಿ ಆಡುವವನು ಕಾಪಾಡಿಕೊಳ್ಳಬೇಕಾದದ್ದು ತನ್ನನ್ನೇ. ತಾನು ಉಳಿದರೆ ಆಟ ಉಳಿಯಿತು. 'ಬ್ಯಾಟಲ್ ಸಿಟಿ'ಯಲ್ಲಿ ನಾನು ಸತ್ತರೆ ಹದ್ದಿನ ಪಕ್ಕದಲ್ಲಿ ಮತ್ತೆ ಹುಟ್ಟುತ್ತೇನೆ. ಹದ್ದಿಗೆ ಎರಡನೆಯ ಜೀವವಿಲ್ಲ. ಅದು ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ, ಸಹಾಯಕ್ಕೆ ಕೂಗುವುದೂ ಇಲ್ಲ. ಸುಮ್ಮನೆ ಕೂತಿರುತ್ತದೆ. ಹಾಗಾಗಿ ಆಡುವವನ ಗಮನ ತನ್ನ ಮೇಲಿಂದ ಸರಿದು ಇನ್ನೊಂದರ ಮೇಲೆ ನೆಡಬೇಕಾಗುತ್ತದೆ.

ಮಲೆನಾಡಿನಲ್ಲಿ ಗದ್ದೆಯ ಮಾಳದಲ್ಲಿ ರಾತ್ರಿ ಕೂತು ಹಂದಿ ಕಾದವರಿಗೆ ಈ ಗಮನದ ರೀತಿ ಗೊತ್ತು. ಹಂದಿಗಳು ನೇರವಾಗಿ ಬರುವುದಿಲ್ಲ. ಕಾಡಿನಂಚಿನಲ್ಲಿ ಅಲೆಯುತ್ತವೆ, ಇನ್ಯಾವುದೋ ಮೂಲೆಯಲ್ಲಿ ಸದ್ದು ಮಾಡುತ್ತವೆ, ಹೊತ್ತು ಕಳೆದಂತೆ ಪೈರಿನ ಕಡೆಗೆ ಇಳಿಯುತ್ತವೆ. ಒಂದನ್ನು ಅಟ್ಟಿಕೊಂಡು ದೂರ ಹೋದರೆ ಹಿಂದಿನಿಂದ ಇನ್ನೊಂದು ಗದ್ದೆಗೆ ಇಳಿದಿರುತ್ತದೆ. ಈ ಆಟದ ಟ್ಯಾಂಕುಗಳ ನಡೆ ಅಚ್ಚರಿಯಾಗುವಷ್ಟು ಹಾಗೆಯೇ ಇದೆ. ಅವು ಗೋಡೆಗೆ ಮುಖ ಮಾಡಿ ನಿಲ್ಲುತ್ತವೆ, ಬಂದ ದಾರಿಯಲ್ಲೇ ತಿರುಗುತ್ತವೆ, ಎದುರಿಗಿರುವ ನಮ್ಮನ್ನು ಬಿಟ್ಟು ಪಕ್ಕಕ್ಕೆ ಹೋಗುತ್ತವೆ. ಆದರೆ ಸಮಯ ಸರಿದಂತೆ ಹದ್ದಿನತ್ತ ವಾಲುತ್ತವೆ. ಹುಮ್ಮಸ್ಸಿನಿಂದ ಮೇಲಿನ ಅಂಚಿಗೇ ಹೋಗಿ, ಹುಟ್ಟುವಲ್ಲೇ ಹೊಡೆಯುತ್ತೇನೆಂದು ನಿಂತವನು ನಾಲ್ಕು ಹಂತ ದಾಟಿಯಾನು. ಐದನೆಯದರಲ್ಲಿ ಅವನ ಬೆನ್ನ ಹಿಂದೆ ಒಂದು ಪುಟ್ಟ ವೇಗದ ಟ್ಯಾಂಕು ಸದ್ದಿಲ್ಲದೆ ಕೆಳಗಿಳಿದಿರುತ್ತದೆ. ಗೆಲ್ಲುವ ಆಸೆಯನ್ನು ಕಾಯುವ ಕೆಲಸಕ್ಕೆ ಒಗ್ಗಿಸಿಕೊಳ್ಳದವನಿಗೆ ಇಲ್ಲಿ ನೆಲೆಯಿಲ್ಲ.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಹದ್ದಿಗೆ ತಾಗುವ ಗುಂಡು ಶತ್ರುವಿನದೇ ಆಗಬೇಕೆಂದಿಲ್ಲ. ನಮ್ಮ ಗುಂಡು ತಾಗಿದರೂ ಹದ್ದು ಹೋಗುತ್ತದೆ. ನಮ್ಮ ಗುಂಡಿಗೂ ಆ ತೆಳು ಇಟ್ಟಿಗೆ ಪದರ ಒಡೆಯುತ್ತದೆ. ಆಟವನ್ನು ಕಟ್ಟಿದವರು 'ನಮ್ಮವರ ಗುಂಡು ನಮ್ಮ ಮನೆಗೆ ತಾಗದು' ಎಂದು ಒಂದು ಸಾಲು ಬರೆದಿದ್ದರೆ ಆಡುವವರಿಗೆ ಎಷ್ಟೋ ಹಗುರಾಗುತ್ತಿತ್ತು. ಹಾಗೆ ಬರೆಯದೆ ಬಿಟ್ಟದ್ದರಲ್ಲಿ ಈ ಕೃತಿಯ ಶಕ್ತಿಯಿದೆ.

ಈ ನಿಯಮವನ್ನು ಅವರು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಮಿನುಗುವ ಕೆಲವು ಟ್ಯಾಂಕುಗಳನ್ನು ಹೊಡೆದಾಗ ಒಂದೊಂದು ವಸ್ತು ಸಿಗುತ್ತದೆ: ಹೆಲ್ಮೆಟ್ಟು, ಗಡಿಯಾರ, ಬಾಂಬು, ಸಲಿಕೆ, ನಕ್ಷತ್ರ, ಇನ್ನೊಂದು ಜೀವ. ಸಲಿಕೆ ಸಿಕ್ಕರೆ ಹದ್ದಿನ ಸುತ್ತಲಿನ ಇಟ್ಟಿಗೆ ಸ್ವಲ್ಪ ಹೊತ್ತು ಉಕ್ಕಾಗುತ್ತದೆ. ನಕ್ಷತ್ರ ಸಿಕ್ಕರೆ ನಮ್ಮ ಬಲ ಹೆಚ್ಚುತ್ತದೆ. ಒಂದಕ್ಕೆ ಗುಂಡಿನ ವೇಗ, ಎರಡಕ್ಕೆ ಜೋಡಿ ಗುಂಡು, ಮೂರಕ್ಕೆ ಉಕ್ಕನ್ನೂ ಒಡೆಯುವ ಗುಂಡು. ಈಗ ನೋಡಿ: ಮೂರು ನಕ್ಷತ್ರದ ಟ್ಯಾಂಕಿನ ಎದುರು ಸಲಿಕೆಯ ಉಕ್ಕಿನ ಗೋಡೆಯೂ ನಿಲ್ಲುವುದಿಲ್ಲ. ಶತ್ರುಗಳಲ್ಲಿ ಯಾರೂ ಮಾಡಲಾರದ ಹಾನಿಯನ್ನು, ಆಟದಲ್ಲಿ ಅತ್ಯಂತ ಬಲಶಾಲಿಯಾದ ಕಾವಲುಗಾರ ಒಂದು ಅಜಾಗರೂಕ ತಿರುವಿನಲ್ಲಿ ಮಾಡಬಲ್ಲ. ಬಲ ಕೊಡುವಾಗಲೇ ಎಚ್ಚರದ ಹೊರೆಯನ್ನೂ ಹೊರಿಸುವ ಈ ಔಚಿತ್ಯ ಯಾವುದೇ ಉಪದೇಶದ ಸಾಲಿಲ್ಲದೆ, ಬರಿಯ ನಿಯಮಗಳ ಜೋಡಣೆಯಿಂದ ಸಿದ್ಧಿಸಿದೆ. ಧ್ವನಿಯೆಂದರೆ ಇದೇ ಎಂದು ನನ್ನ ತಿಳಿವಳಿಕೆ.

ಇಬ್ಬರು ಆಡುವಾಗ ಇದರ ಬಿಸಿ ಇನ್ನೂ ಹತ್ತಿರ ಬರುತ್ತದೆ. ಒಬ್ಬನದು ಹಳದಿ ಟ್ಯಾಂಕು, ಇನ್ನೊಬ್ಬನದು ಹಸಿರು. ಜೊತೆಗಾರನಿಗೆ ನಮ್ಮ ಗುಂಡು ತಾಗಿದರೆ ಅವನು ಸಾಯುವುದಿಲ್ಲ. ಕೆಲವು ಕ್ಷಣ ನಿಂತಲ್ಲೇ ಮಿಟುಕುತ್ತ ಅಲುಗಾಡದಂತಾಗುತ್ತಾನೆ. ಆ ಕೆಲವು ಕ್ಷಣಗಳಲ್ಲಿ ಶತ್ರು ಬಂದು ಅವನನ್ನು ಮುಗಿಸಬಹುದು. ಫ್ಯಾಮಿಕಾಮಿನ ಎರಡನೆಯ ಹಿಡಿಕೆಯಲ್ಲಿ ಆಟ ಆರಂಭಿಸುವ, ನಿಲ್ಲಿಸುವ ಗುಂಡಿಗಳೇ ಇರಲಿಲ್ಲ. ನಮ್ಮ ಮನೆಯ ನಕಲು ಯಂತ್ರದಲ್ಲೂ ಹಾಗೆಯೇ. ಹೀಗಾಗಿ ಮೊದಲನೆಯ ಹಿಡಿಕೆ ಅಣ್ಣನ ಪಾಲು, ಹಸಿರು ಟ್ಯಾಂಕು ನನ್ನ ಪಾಲು. ಅಣ್ಣ ಎಡಗಡೆ, ನಾನು ಬಲಗಡೆ ಎಂದು ಹೊಲ ಹಂಚಿಕೊಂಡಂತೆ ಪರದೆಯನ್ನು ಹಂಚಿಕೊಂಡಿದ್ದೆವು. 'ಏ, ನನ್ನ ಸಾಲಿಗೆ ಬರಬೇಡ ಮಾರಾಯ, ಹದ್ದು ನೋಡ್ಕೋ' ಎಂಬ ಅವನ ಕೂಗು ಈಗಲೂ ಕಿವಿಯಲ್ಲಿದೆ. ಒಂದು ದಿನ ಇಪ್ಪತ್ತಾರನೆಯ ಹಂತದಲ್ಲಿ ಅವನದೇ ಗುಂಡಿಗೆ ಹದ್ದು ಹೋಯಿತು. ಅಡುಗೆಮನೆಯಿಂದ ಅಮ್ಮ ಬಂದು, ಯಾರು ಸತ್ತರೆಂದು ಕೇಳುವಷ್ಟು ಹೊತ್ತು ಇಬ್ಬರೂ ಮಾತಾಡಲಿಲ್ಲ. ದೂರಲು ಶತ್ರುವಿರಲಿಲ್ಲ. ಆಮೇಲೆ ಅವನೇ ಯಂತ್ರ ಆರಿಸಿ, ಮತ್ತೆ ಹಚ್ಚಿ, 'ನೀನು ಎಡಕ್ಕೆ ಹೋಗು ಈ ಸಲ' ಎಂದ.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಮೊದಲನೆಯದು, ಹಂತ ಮುಗಿದಾಗ ಬರುವ ಲೆಕ್ಕಪಟ್ಟಿ. ಯಾರು ಯಾವ ಬಗೆಯ ಟ್ಯಾಂಕು ಎಷ್ಟು ಹೊಡೆದರೆಂದು ಎರಡು ಸಾಲಿನಲ್ಲಿ ತೋರಿಸಿ, ಹೆಚ್ಚು ಹೊಡೆದವನಿಗೆ 1000 ಅಂಕ ಹೆಚ್ಚುವರಿಯಾಗಿ ಕೊಡುತ್ತದೆ. ಇದು ಆಟದ ಆಶಯಕ್ಕೇ ಎರಡು ಬಗೆದಂತೆ. ಹದ್ದಿನ ಬಳಿ ಕೂತು ಕಾದವನಿಗೆ ಅಂಕವಿಲ್ಲ. ಅವನನ್ನು ನಂಬಿ ಮೇಲೆ ಹೋಗಿ ಬೇಟೆಯಾಡಿದವನಿಗೆ ಬಹುಮಾನ. ಅಪ್ಪನ ಮನೆಯ ಅಂಗಡಿ ಬುದ್ಧಿ ಇಲ್ಲಿ ಇಣುಕಿದೆ. ಮನೆಗಳಲ್ಲಿ ಅಡುಗೆ ಮಾಡಿದವರನ್ನು ಬಿಟ್ಟು ಸಂಬಳ ತಂದವರನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ನಮಗೇನೂ ಹೊಸದಲ್ಲ; ಒಂದು ಒಳ್ಳೆಯ ಆಟ ಅದನ್ನು ಪ್ರಶ್ನಿಸಬಹುದಿತ್ತು.

ಎರಡನೆಯದು, ಅದೃಷ್ಟದ ಪಾತ್ರ. ಮೂರು ನಕ್ಷತ್ರದ ಟ್ಯಾಂಕು ಒಮ್ಮೆ ಸತ್ತರೆ ಮತ್ತೆ ಬರಿಗೈ. ಮುಂದಿನ ಹಂತಗಳಲ್ಲಿ ನಾಲ್ಕು ಗುಂಡು ತಿಂದರೂ ತಾಳುವ ಟ್ಯಾಂಕುಗಳು ಸಾಲಾಗಿ ಬರುವಾಗ, ಬರಿಗೈಯವನ ಕೌಶಲಕ್ಕಿಂತ ಅವನಿಗೆ ಯಾವ ವಸ್ತು ಸಿಕ್ಕಿತೆಂಬುದೇ ದೊಡ್ಡದಾಗುತ್ತದೆ. ಮೂರನೆಯದು, ಕೊನೆ. 35 ಹಂತ ದಾಟಿದವನಿಗೆ ಆಟ ಏನನ್ನೂ ಹೇಳುವುದಿಲ್ಲ. ಹಳೆಯ ನಕ್ಷೆಗಳೇ ಮರಳಿ ಬರುತ್ತವೆ. ಕಾವಲಿಗೆ ಕೊನೆಯಿಲ್ಲ ಎಂದು ಇದಕ್ಕೊಂದು ಗಂಭೀರ ಅರ್ಥ ಹಚ್ಚಬಹುದು. ನಾನು ಹಚ್ಚುವುದಿಲ್ಲ. ಇದು ನಾಣ್ಯದ ಕಾಲದ ರೂಢಿ, ಅಷ್ಟೇ. ವಿಮರ್ಶಕ ಇಲ್ಲದ ಆಳವನ್ನು ತೋಡಬಾರದು.

ಇನ್ನು ಆಟದ ಸದ್ದಿನ ಬಗ್ಗೆ ಒಂದು ಮಾತು. ಹಂತದ ಆರಂಭದಲ್ಲಿ ಒಂದು ಚಿಕ್ಕ ತುತ್ತೂರಿ. ಆಮೇಲೆ ಸಂಗೀತವೇ ಇಲ್ಲ. ಇಂಜಿನ್ನಿನ ಗುರುಗುಡುವಿಕೆ, ಗುಂಡಿನ ಸಿಡಿತ, ಉಕ್ಕಿಗೆ ತಾಗಿದಾಗಿನ ಟಣ್ ಎಂಬ ದನಿ. ಅದೇ ಕಾಲದ ಮಾರಿಯೋ ತನ್ನ ರಾಗದಿಂದ ನಮ್ಮನ್ನು ಮುಂದಕ್ಕೆ ಎಳೆದೊಯ್ಯುತ್ತಾನೆ. ಇಲ್ಲಿ ಯಾರೂ ಎಳೆಯುವುದಿಲ್ಲ. ಕಾಯುವವನಿಗೆ ಕಿವಿ ತೆರವಾಗಿರಬೇಕು ಎಂಬಂತೆ ಮೌನವನ್ನು ಬಿಟ್ಟಿದ್ದಾರೆ. ಪಕ್ಕದವನ ಕೂಗು ಆ ಮೌನದಲ್ಲಿ ಚೆನ್ನಾಗಿ ಕೇಳುತ್ತದೆ.

2020ರಲ್ಲಿ ಈ ಆಟ 'ನಾಮ್ಕೋ ಮ್ಯೂಸಿಯಂ ಆರ್ಕೈವ್ಸ್' ಎಂಬ ಸಂಕಲನದ ಎರಡನೆಯ ಸಂಪುಟದಲ್ಲಿ ಮತ್ತೆ ಬಂತು. ಅಧಿಕೃತವಾಗಿ, ಚೊಕ್ಕವಾಗಿ, ಜಗತ್ತಿಗೆಲ್ಲ ಸಿಗುವಂತೆ ಬಂದದ್ದು ಸಂತೋಷದ ಸಂಗತಿ. ಆದರೆ ಅದರಲ್ಲಿ ಹೊಸದೊಂದು ಅನುಕೂಲವಿದೆ: ಆಟವನ್ನು ಹಿಂದಕ್ಕೆ ತಿರುಗಿಸಬಹುದು. ಹದ್ದಿಗೆ ಗುಂಡು ತಾಗಿತೋ, ಗುಂಡಿಯೊತ್ತಿದರೆ ಗುಂಡು ನಳಿಕೆಗೆ ಮರಳುತ್ತದೆ. ನನ್ನ ಜೊತೆ ಕೆಲಸ ಮಾಡುವ ಸಾಹಿತ್ಯದ ಅಧ್ಯಾಪಕರೊಬ್ಬರು ಇದನ್ನು ಸಮರ್ಥಿಸಿದರು: 'ನೀವು ಬರೆಯುವಾಗ ಹೊಡೆದುಹಾಕಿ ಮತ್ತೆ ಬರೆಯುವುದಿಲ್ಲವೇ ಸ್ವಾಮಿ? ಆಟಕ್ಕೆ ಮಾತ್ರ ಏಕೆ ಈ ಕಠೋರ ವ್ರತ?' ಮಾತಿನಲ್ಲಿ ಹುರುಳಿದೆ. ಒಬ್ಬನೇ ಕೂತು ಕಲಿಯುವವನಿಗೆ ಇದರಿಂದ ಉಪಕಾರವೇ. ಆದರೆ ಇಬ್ಬರ ಆಟದಲ್ಲಿ 'ಇದು ಯಾರ ಗುಂಡು' ಎಂಬ ಪ್ರಶ್ನೆಯನ್ನೇ ಅದು ಅಳಿಸುತ್ತದೆ. ನಮ್ಮ ಮನೆಯ ಆ ಮೌನ, ಆಮೇಲಿನ 'ನೀನು ಎಡಕ್ಕೆ ಹೋಗು' ಎಂಬ ಮಾತು, ಎರಡಕ್ಕೂ ಅಲ್ಲಿ ಜಾಗವಿಲ್ಲ.

ಹೀಗೆ ತೀರ್ಮಾನಿಸಿಕೊಂಡೇ ನಾನು ಅಣ್ಣನ ಮಗಳ ಜೊತೆ ಆ ಸಂಕಲನ ಹಾಕಿಕೊಂಡು ಕೂತಿದ್ದೆ. ಅವಳಿಗೆ ಹತ್ತು ವರ್ಷ. ಅವಳು ಮಾಡಿದ ಮೊದಲ ಕೆಲಸವೆಂದರೆ ಬೇಕೆಂದೇ ತಿರುಗಿ ಹದ್ದಿಗೆ ಗುಂಡು ಹೊಡೆದದ್ದು. ಏನಾಗುತ್ತದೆಂದು ನೋಡಿದಳು, ಹಿಂದಕ್ಕೆ ತಿರುಗಿಸಿದಳು, ಮತ್ತೆ ನೋಡಿದಳು. ನಾವು ಭಯದಿಂದ ಎಂದೂ ಮಾಡದಿದ್ದ ಪರೀಕ್ಷೆ ಅದು. ನಂತರ ನನ್ನತ್ತ ತಿರುಗಿ, 'ಚಿಕ್ಕಪ್ಪ, ಸಿಟಿ ಅಂತ ಹೆಸರಿಟ್ಟಿದ್ದಾರಲ್ಲ, ಜನ ಎಲ್ಲಿ?' ಎಂದಳು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆಟದಲ್ಲೂ ಇಲ್ಲ. ಗೋಡೆಗಳಿವೆ, ಅವುಗಳ ಹಿಂದೆ ಯಾರೂ ಇಲ್ಲ. ಟ್ಯಾಂಕಿನೊಳಗಿಂದ ಯಾರೂ ಹೊರಬರುವುದಿಲ್ಲ. ಕಾಯಬೇಕಾದದ್ದು ಒಂದು ಲಾಂಛನ. ಅದು ಯಾರ ಪರವಾಗಿ ಅಲ್ಲಿ ಕೂತಿದೆಯೆಂದು ಆಟ ಹೇಳುವುದಿಲ್ಲ. 24 ಕಿಲೋಬೈಟಿನಲ್ಲಿ ಜನರನ್ನು ತುಂಬಲು ಜಾಗವಿರಲಿಲ್ಲ ಎಂಬುದು ನಿಜವಾದರೂ ಸಮಾಧಾನವಲ್ಲ, ಏಕೆಂದರೆ ನಿಜವಾದ ಟ್ಯಾಂಕುಗಳು ನಿಜವಾದ ಊರುಗಳಿಗೆ ನುಗ್ಗುವುದನ್ನು ಅವಳು ಟೀವಿಯಲ್ಲಿ ನೋಡುತ್ತಿದ್ದಾಳೆ. ನನ್ನ ದೃಷ್ಟಿಯಲ್ಲಿ ಈ ಕೃತಿಯ ಅತಿ ದೊಡ್ಡ ಕೊರತೆ ಇದು, ಲೆಕ್ಕಪಟ್ಟಿಗಿಂತ, ಕೊನೆಯಿಲ್ಲದಿರುವುದಕ್ಕಿಂತ ದೊಡ್ಡದು. ಹಿಂದಕ್ಕೆ ತಿರುಗಿಸುವ ಸೌಕರ್ಯವಿದ್ದದ್ದರಿಂದಲೇ ಅವಳಿಗೆ ಆಟವನ್ನು ನಿಧಾನವಾಗಿ ದಿಟ್ಟಿಸುವ ಬಿಡುವು ಸಿಕ್ಕಿತೆಂಬುದನ್ನೂ ನಾನು ಸೇರಿಸಿ ಹೇಳಬೇಕು.

ಆದರೂ ಮಕ್ಕಳ ಕೈಗೆ ಯಾವ ಹಳೆಯ ಆಟ ಕೊಡಲಿ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಒಂದು ಷರತ್ತು: ಇಬ್ಬರು ಆಡಬೇಕು. ಆಟದ ನಿಯಮ ಬಾಯಿಪಾಠವಾಗುವ ತನಕ ಹಿಂದಕ್ಕೆ ತಿರುಗಿಸಿಕೊಳ್ಳಲಿ. ಆಮೇಲೆ ಆ ಗುಂಡಿಯನ್ನು ಮುಟ್ಟದೆ ಒಂದು ವಾರ ಆಡಲಿ. ಹಂತದ ಕೊನೆಯ ಲೆಕ್ಕಪಟ್ಟಿ ಬಂದಾಗ ದೊಡ್ಡವರು ಯಾರಾದರೂ ಪಕ್ಕದಲ್ಲಿದ್ದು, ಹದ್ದಿನ ಬಳಿ ನಿಂತು ಕಾದದ್ದು ಯಾರು ಎಂದು ಕೇಳಲಿ. ಜನ ಎಲ್ಲಿ ಎಂದು ಮಕ್ಕಳೇ ಕೇಳಿದರೆ, ಆಟ ನಿಲ್ಲಿಸಿ ಆ ಮಾತನ್ನು ಆಡುವುದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಲಿ.